ಗಳದ ತುದಿಯ ಟೋಪಿ

ಆಲಾನ್ ಹುಟ್ಟಿದ್ದು, ಮದುವೆಯಾದದ್ದು, ವಿಧವೆಯಾದದ್ದು ಎಲ್ಲ ಚೀನಾದ ಫೂಜಿಯನ್ ಕರಾವಳಿಯ ನಮ್ಮ ಈ ಒಂದೇ ಹಳ್ಳಿಯಲ್ಲಿ. ವಯಸ್ಸು ಐವತ್ತೆಂಟು. ಕಡಲು ಇಳಿದಾಗ ಕೆಸರುಬಯಲಿಗೆ ಹೋಗಿ ಮರುವಾಯಿ ಚಿಪ್ಪುಮೀನು ಅಗೆಯುವುದು ಅವಳ ಕೆಲಸ. ಆರು ವರ್ಷಗಳಿಂದ ಇನ್ನೊಂದು ಕೆಲಸವೂ ಸೇರಿಕೊಂಡಿತ್ತು: ದೂರದಲ್ಲಿ ಚಿಕ್ಕದಾಗಿ ಕಾಣಿಸುವುದು.

ಗುಡ್ಡದ ಮೇಲೆ ಬಸ್ಸುಗಟ್ಟಲೆ ಛಾಯಾಗ್ರಾಹಕರು ಬಂದು ಕೂರುತ್ತಾರೆ. ಮನುಷ್ಯರಿಲ್ಲದೆ ತೆಗೆದರೆ ನಮ್ಮ ಹತ್ತು ಮೈಲಿ ಬಯಲು ಯಾರದೋ ಹಿತ್ತಲಿನ ಕೊಚ್ಚೆಯಂತೆ ಬರುತ್ತದೆ. ಮೂಲೆಯಲ್ಲಿ ಉಗುರಿನಷ್ಟು ಹೆಂಗಸೊಬ್ಬಳು ನಿಂತರೆ ಮಾತ್ರ ಅದರ ಗಾತ್ರ ತಿಳಿಯುತ್ತದೆ. ಇದಕ್ಕೆ ನನ್ನ ತಕರಾರಿಲ್ಲ. ನಮ್ಮ ಹಳೆಯ ಚಿತ್ರಕಾರರೂ ಬೆಟ್ಟದ ಬುಡದಲ್ಲಿ ಕಡ್ಡಿಯಷ್ಟು ಮನುಷ್ಯನನ್ನು ಬರೆಯುತ್ತಿದ್ದರು. ಆದರೆ ಅವರು ಅವನ ಕೈಗೆ ವಾಕಿಟಾಕಿ ಕೊಟ್ಟು ಕುಣಿಸಿರಲಿಲ್ಲ.

ಬಸ್ಸುಗಳನ್ನು ತರುವವನು ಪಟ್ಟಣದ ಪೇಯ್. ಆಲಾನಳಿಗೆ ದಿನಗೂಲಿಯೂ ವಾಕಿಟಾಕಿಯೂ ಕೊಟ್ಟು ಬಯಲಿನಲ್ಲಿ ನಿಲ್ಲಿಸುವವನೂ ಅವನೇ. ಒಂದು ಬೆಳಿಗ್ಗೆ ದಂಡೆಯಲ್ಲಿ ಅವನು ಆಲಾನಳಿಗೆ ಹೇಳಿದ್ದನ್ನು ನಾನೇ ಕೇಳಿದೆ.

"ಚಿಕ್ಕಮ್ಮ, ಇವತ್ತು ಟೋಪೀನ ಗಳದ ತುದಿಗೆ ಸಿಕ್ಕಿಸಿ ಮೇಲೆತ್ತಿ ಹಿಡ್ಕೊಳ್ಳಿ. ಅಷ್ಟು ದೂರದಲ್ಲಿ ಬಗ್ಗಿದ್ರೆ ನೀವು ಕಲ್ಲೋ ಮನುಷ್ಯರೋ ಗೊತ್ತಾಗಲ್ಲ."

"ಅದೊಂದು ಆಗಲ್ಲಪ್ಪ. ಕೆಸರಲ್ಲಿ ಹೂತುಹೋಗೋರು ಎತ್ತೋದು ಅದು. ಹುಡುಗಾಟಕ್ಕೆ ಎತ್ತಿದ್ರೆ ನಮ್ಮಲ್ಲಿ ಕೆನ್ನೆಗೆ ಬಾರಿಸ್ತಾರೆ."

"ಎರಡೇ ನಿಮಿಷ. ಯಾರು ನೋಡ್ತಾರೆ?"

"ನೋಡ್ತಾರೆ ಅಂತಾನೇ ನಾವು ಅಲ್ಲಿಗೆ ಹೋಗೋದು."

ಅವಳ ಗಂಡ ಎರಡು ಸಲ ಕೆಸರಿನಿಂದ ಬದುಕಿ ಬಂದದ್ದು ಆ ಟೋಪಿಯಿಂದಲೇ. ಕೊನೆಗೆ ಸತ್ತದ್ದು ಜ್ವರದಿಂದ, ತನ್ನ ಹಾಸಿಗೆಯಲ್ಲಿ. ಪೇಯ್‌ಗೆ ಇದೆಲ್ಲ ಬೇಕಿರಲಿಲ್ಲ. ಮರುದಿನ ಪಟ್ಟಣದಿಂದ ಒಬ್ಬನನ್ನು ಕರೆತಂದು, ಮೀನುಗಾರನ ಬಟ್ಟೆ ತೊಡಿಸಿ ಬಯಲಿಗಿಳಿಸಿದ. ಅವನು ಟೋಪಿ ಎತ್ತಿದ.

ನಮ್ಮವರು ಗಂಜಿಯ ಬಟ್ಟಲು ಬಿಟ್ಟು ಓಡಿದರು. ಕೆಸರಿನಲ್ಲಿ ಜಾರಿಕೊಂಡು ಹೋಗುವ ಹಲಗೆಗಳು ಏಳು ಹೊರಟವು. ಎಪ್ಪತ್ತೆರಡರ ಝಾನ್ ಮುದುಕನೂ ಒಂದರ ಮೇಲೆ ಮೊಣಕಾಲೂರಿದ.

"ಅಣ್ಣ, ನಿಂಗೆ ಮೊಣಕಾಲು ನೋವಲ್ವಾ?" ಎಂದಳು ಆಲಾನ್.

"ಸಾಯೋನು ನನ್ನ ಮೊಣಕಾಲು ವಾಸಿಯಾಗೋ ತನಕ ಕಾಯ್ತಾನಾ? ತಳ್ಳು."

ಗುಡ್ಡದಿಂದ ಪೇಯ್‌ನ ಧ್ವನಿವರ್ಧಕ ಕಿರುಚಿತು: "ಯಾರ್ರೀ ಅದು? ಕನ್ನಡಿ ಥರ ಇದ್ದ ಕೆಸರನ್ನೆಲ್ಲ ಗೀಚಿ ಹಾಳು ಮಾಡಿದ್ರಲ್ಲ."

ಅಲ್ಲಿ ಯಾರೂ ಹೂತಿರಲಿಲ್ಲ. ಆಲಾನ್ ಕೆಸರುಗಾಲಿನಲ್ಲೇ ಗುಡ್ಡ ಹತ್ತಿ ವಾಕಿಟಾಕಿಯನ್ನು ಪೇಯ್‌ನ ಕುರ್ಚಿಯ ಮೇಲಿಟ್ಟಳು. "ಅಳತೆಗೆ ಏನಾದ್ರೂ ಬೇಕಿದ್ರೆ ನಿನ್ನ ಬಸ್ಸನ್ನೇ ಕೆಸರಿಗಿಳಿಸು. ದೂರಕ್ಕೂ ಚೆನ್ನಾಗಿ ಕಾಣುತ್ತೆ."

ಬಾಡಿಗೆಯವನು ಇನ್ನೂ ಹತ್ತು ದಿನ ಟೋಪಿ ಎತ್ತಿದ. ಊರು ಬೈಯಿತು. ಪೇಯ್ ಒಳ್ಳೆಯ ಸಿಗರೇಟು ಹಂಚಿದ. ಗಂಡಸರು ತೆಗೆದುಕೊಂಡು ಕಿವಿಯ ಹಿಂದೆ ಸಿಕ್ಕಿಸಿಕೊಂಡರು.

ಹುಣ್ಣಿಮೆ ಕಳೆದ ಮೂರನೆಯ ದಿನ, ದೊಡ್ಡ ಉಬ್ಬರದ ದಿನ, ಮರುವಾಯಿ ಅಗೆಯಲು ಹೋದ ಆಲಾನ್ ಸೊಂಟದವರೆಗೆ ಹೂತಳು. ಟೋಪಿ ಎತ್ತಿದಳು. ದಂಡೆಯಲ್ಲಿ ಬಲೆ ಸರಿಪಡಿಸುತ್ತಿದ್ದ ಹನ್ನೊಂದು ಜನರಿಗೆ ಅದು ಕಂಡಿತು. ಎಲ್ಲರೂ ಮೊದಲು ಗುಡ್ಡದ ಕಡೆ ತಿರುಗಿ ನೋಡಿದರು, ಬಸ್ಸು ಬಂದಿದೆಯೇ ಎಂದು. ನಾನೂ ನೋಡಿದೆ. ಬಸ್ಸು ಬಂದಿತ್ತು. ನಾವು ಹಾಗೇ ನಿಂತೆವು.

"ಫೋಟೋದವರ ಟೋಪಿನೇ ಆದ್ರೆ ನಾಳೆ ನನ್ನನ್ನ ನೋಡಿ ನಗ್ರಿ," ಎಂದು ಝಾನ್ ಮುದುಕ ಹಲಗೆ ತಳ್ಳಿದ. ಆಮೇಲೆ ಉಳಿದವರಿಗೆ ನಾಚಿಕೆಯಾಯಿತು.

ಎಳೆದು ತೆಗೆಯುವಾಗ ಉಬ್ಬರದ ನೀರು ಅವಳ ಗದ್ದಕ್ಕೆ ಬಂದಿತ್ತು. ದಂಡೆಯಲ್ಲಿ ಯಾರೋ ಬಿಸಿ ಶುಂಠಿನೀರು ಕೊಟ್ಟರು. ಅವಳು ಕುಡಿಯಲಿಲ್ಲ.

"ನೀವೆಲ್ಲ ಅತ್ಲಾಗೆ ತಿರುಗಿದ್ದು ನಂಗೆ ಅಲ್ಲಿಂದ ಕಾಣ್ತಿತ್ತು," ಎಂದಳು.

ನಾವು ಮತ್ತೆ ಬಲೆಗಳ ಮೇಲೆ ಬಗ್ಗಿದೆವು.

ಆ ಬೆಳಗಿನ ಚಿತ್ರವೊಂದು ಪಟ್ಟಣದಲ್ಲಿ ಚೌಕಟ್ಟು ಹಾಕಿಸಿಕೊಂಡು ಗೋಡೆಗೇರಿದೆ. ಹೋಗಿ ನೋಡಿದೆ. ಕೆಳಮೂಲೆಯಲ್ಲಿ ಗಳ, ಗಳದ ತುದಿಯಲ್ಲಿ ಟೋಪಿ, ಅದರಡಿ ಅರ್ಧ ಹೆಂಗಸು. ಬಯಲು ನಿಜಕ್ಕೂ ಬಹಳ ದೊಡ್ಡದಾಗಿ ಕಾಣುತ್ತದೆ.

ಆಲಾನ್ ಈಗ ಒಬ್ಬಳೇ ಕೆಸರಿಗಿಳಿಯುವುದಿಲ್ಲ. ಝಾನ್ ಮುದುಕ ಜೊತೆಗೆ ಬರಬೇಕು. ಅವನ ಮೊಣಕಾಲು ಏಳದ ದಿನ ಅವಳ ಬುಟ್ಟಿ ಖಾಲಿ.