ಕಾಕಾನ ಎರಡನೆಯ ಗೆರೆ

ಮೊನ್ನೆ ಹಡಪಸರದ ನಮ್ಮ ಆಫೀಸಿನ ಲಿಫ್ಟಿನಲ್ಲಿ ಪಕ್ಕದವರೊಬ್ಬರು ಲವಂಗ ಅಗಿಯುತ್ತಿದ್ದರು. ಆ ವಾಸನೆಯಲ್ಲಿ ನಾನು ಇಳಿಯಬೇಕಾದ ಮಹಡಿಯೇ ದಾಟಿಹೋಯಿತು. ಕ್ಯಾನ್ಸರಿನ ಔಷಧಿಯಿಂದ ಬಾಯೆಲ್ಲ ಕಹಿಯಾಗುತ್ತದೆಂದು ನಮ್ಮ ಚಿಕ್ಕಪ್ಪ, ಅಂದರೆ ಕಾಕಾ, ಕೊನೆಯ ದಿನಗಳಲ್ಲಿ ದವಡೆಯಲ್ಲಿ ಲವಂಗ ಇಟ್ಟುಕೊಂಡೇ ಇರುತ್ತಿದ್ದ.

ನನ್ನ ಕೆಲಸವೇನೆಂದು ನೀವು ಕೇಳಿದರೆ ನಾನು ಮೊದಲು ಕೆಮ್ಮುತ್ತೇನೆ. ಕ್ಯಾನ್ಸರಿನ ಆಪರೇಷನ್ ಆದಮೇಲೆ ಔಷಧಿ ತೆಗೆದುಕೊಂಡವರು, ತೆಗೆದುಕೊಳ್ಳದವರು ಎಷ್ಟು ಕಾಲ ಬದುಕಿದರು ಎಂಬ ಹಳೆಯ ಮಾಹಿತಿಯನ್ನೆಲ್ಲ ಕಂಪ್ಯೂಟರಿಗೆ ಉಣಿಸುತ್ತೇವೆ. ನಡುವೆ ಆಸ್ಪತ್ರೆಗೆ ಬರುವುದನ್ನೇ ಬಿಟ್ಟವರೂ ಇರುತ್ತಾರೆ. ಅವರು ಕೊನೆಯ ಸಲ ಕಂಡಾಗ ಬದುಕಿದ್ದರು ಎಂದಷ್ಟೇ ಹಿಡಿಯುತ್ತೇವೆ. ಇಷ್ಟೆಲ್ಲ ಕಲಿತ ಕಂಪ್ಯೂಟರು ಹೊಸ ರೋಗಿಯೊಬ್ಬರಿಗೆ ಎರಡು ಗೆರೆ ಎಳೆಯುತ್ತದೆ: ಔಷಧಿ ತೆಗೆದುಕೊಂಡರೆ ಬದುಕುವ ಸಾಧ್ಯತೆ ಹೀಗೆ, ಬಿಟ್ಟರೆ ಹೀಗೆ. ಹೇಳುವಾಗ ನನಗೆ ಅರ್ಥವಾದಂತೆಯೇ ಇರುತ್ತದೆ.

ಕೊಂಢವಾದಲ್ಲಿ ಪ್ಲಾಸ್ಟರ್ ಕೆಲಸದ ಮೇಸ್ತ್ರಿಯಾಗಿದ್ದ ಕಾಕಾ, ಆಪರೇಷನ್ ಮುಗಿಸಿಕೊಂಡು ಬಂದವನೇ ತನ್ನ ಗೆರೆಗಳನ್ನೂ ತೋರಿಸು ಎಂದು ಹಟ ಹಿಡಿದ. ಇದಿನ್ನೂ ಪ್ರಯೋಗ, ಡಾಕ್ಟರನ್ನು ಕೇಳು ಎಂದರೂ ಬಿಡಲಿಲ್ಲ. ತೆಗೆದು ನೋಡಿದರೆ ಗೆರೆಗಳು ಒಂದನ್ನೊಂದು ದಾಟಿದ್ದವು. ಮೊದಲ ತಿಂಗಳುಗಳಲ್ಲಿ ಔಷಧಿಯ ಗೆರೆ ಕೆಳಗೆ, ಆಮೇಲೆ ಮೇಲೆ. ಅಂದರೆ ಔಷಧಿಯಿಂದ ಮೊದಮೊದಲು ಅಪಾಯವೇ ಹೆಚ್ಚು, ಅದನ್ನು ದಾಟಿದರೆ ಲಾಭ.

"ನಿನ್ನಂಥವರಿಗೆ ಹಿಂಗ ಆಗ್ತದಂತ ಕಾಕಾ," ಎಂದೆ.

"ನನ್ನಂಥವ್ರು ಯಾರಲೇ? ಅವ್ರೂ ಚಹಾದಾಗ ಕದ್ದು ಸಕ್ರಿ ಹಾಕ್ಕೊಂಡು ಹೆಂಡ್ತಿ ಕಡೆ ಬೈಸ್ಕೊಂತಿದ್ರೇನು?"

ನಮ್ಮಲ್ಲಿ ವಯಸ್ಸು, ಗಡ್ಡೆಯ ಗಾತ್ರ, ಸಕ್ಕರೆ ಕಾಯಿಲೆ ಎಲ್ಲ ಇತ್ತು. ಬೈಸಿಕೊಳ್ಳುವುದರ ಮಾಹಿತಿ ಇರಲಿಲ್ಲ.

ಡಾಕ್ಟರು ನಿರ್ಧಾರವನ್ನು ಮನೆಯವರಿಗೇ ಬಿಟ್ಟರು. ಕಾಕಾ ಔಷಧಿ ಬೇಡವೆಂದ. ಕಾಕಿ ಅತ್ತು ಕರೆದು ಒಪ್ಪಿಸಿದಳು. ವರ್ಷ ತುಂಬುವಷ್ಟರಲ್ಲಿ ಕಾಕಾ ಹೋದ.

ಮೊನ್ನೆ ಆ ಲವಂಗದ ವಾಸನೆ ಬಂದ ಸಂಜೆ ಆಫೀಸಿನಿಂದ ನೇರ ಕಾಕಿಯ ಮನೆಗೆ ಹೋದೆ. ಚಹಾ ಕೊಟ್ಟು ಎದುರಿಗೆ ಕೂತಳು.

"ಒಂದು ಕೇಳ್ತೀನಿ, ಖರೇ ಹೇಳು. ಆ ಔಷಧಿಗೆ ನಾ ಹಟಾ ಮಾಡದಿದ್ರ ಅವ್ರು ಇನ್ನೂ ಇರ್ತಿದ್ರೇನು?"

ಎಂಥ ಪೇಚು ನೋಡಿ. ದಿನವೂ ನಾನು ಲೆಕ್ಕ ಹಾಕುವ ಪ್ರಶ್ನೆಯೇ ಅದು. ಸಾವಿರಾರು ಜನರನ್ನು ಸೇರಿಸಿ ಕೇಳಿದರೆ ಏನೋ ಒಂದು ಹೇಳಬಲ್ಲೆ. ಕಾಕಾ ಒಬ್ಬನ ಮಟ್ಟಿಗೆ, ಅವನು ಬದುಕದೆ ಬಿಟ್ಟ ಆ ಎರಡನೆಯ ಗೆರೆಯನ್ನು ಯಾರೂ ಕಂಡಿಲ್ಲ. ಸುಳ್ಳಾದರೂ ಹೇಳೋಣವೆಂದರೆ ಯಾವ ಸುಳ್ಳು ಎಂಬುದೂ ಹೊಳೆಯಲಿಲ್ಲ.

"ಗೊತ್ತಿಲ್ಲ ಕಾಕಿ. ನನಗ ಇವತ್ತಿಗೂ ಗೊತ್ತಿಲ್ಲ."

ಕಾಕಿ ನನ್ನ ಚಹಾದ ಕಪ್ಪನ್ನು ತನ್ನತ್ತ ಎಳೆದುಕೊಂಡಳು.

"ದಿನಾ ಇದೇ ಕೆಲಸ ಮಾಡೋ ನಿನಗೇ ಗೊತ್ತಿಲ್ಲಂದ್ರ, ಅವತ್ತು ನನಗರ ಹೆಂಗ ಗೊತ್ತಿರ್ಬೇಕಿತ್ತೋ?"

ಹಾಗೆಂದು ಸೆರಗಿನಿಂದ ಕಣ್ಣೊರೆಸಿಕೊಂಡು, ಊಟ ಮಾಡಿಯೇ ಹೋಗು ಎಂದು ಎದ್ದಳು. ನನ್ನ ಗೊಂದಲ ಒಬ್ಬರ ಉಪಯೋಗಕ್ಕೆ ಬಂದದ್ದು ಅದೇ ಮೊದಲು.