ಅಬ್ಬಾ ಅವರ ಬೆನ್ನು

ತೇಗದ ಹೊಟ್ಟಿನ ವಾಸನೆ ಮೂಗಿಗೆ ಬಿದ್ದರೆ ಈಗಲೂ ನಾನು ಮಾತು ನಿಲ್ಲಿಸಿಬಿಡುತ್ತೇನೆ. ಹುಣಸೂರಿನ ನಮ್ಮ ಮನೆಯ ಮುಂದಿನ ಅರ್ಧ ಅಬ್ಬಾ ಅವರ ಮರಗೆಲಸದ ಅಂಗಡಿ. ಹಿಂದಿನ ಅರ್ಧದಲ್ಲಿ ಅಮ್ಮಿ, ನಾನು, ತಮ್ಮ ಇಮ್ರಾನ್. ಉಜ್ಜುಗೊರಡಿನ ಸದ್ದು ನಿಂತರೆ ನಮಾಜಿನ ಹೊತ್ತಾಯಿತೆಂದು ಅರ್ಥ. ಕೈಕಾಲು ತೊಳೆದು ನಿಂತಿರಬೇಕು. ಬಾಯಿಪಾಠ ಮಾಡಿಸಿದ ಕಲ್ಮಾ ತಪ್ಪಿದರೆ ಅಳತೆಪಟ್ಟಿ ಬೆರಳ ಗಂಟಿನ ಮೇಲೆ ಬೀಳುತ್ತಿತ್ತು. ಬಾಗಿಲು ಮಾಡಿಸಲು ಕಟ್ಟೆಮಳಲವಾಡಿಯಿಂದ ಬಂದಿದ್ದ ಗೌಡರೊಬ್ಬರು ನಮ್ಮನ್ನು ತೋರಿಸಿ ತಮ್ಮ ಮಗನಿಗೆ, "ಮಕ್ಳುನ್ನ ಸಾಕುದ್ರೆ ಸಾಬ್ರಂಗೆ ಸಾಕ್ಬೇಕು ಕಣ್ಲಾ. ಒಂದ್ ಸದ್ದಿಲ್ಲ ನೋಡು" ಅಂದರು. ಅಬ್ಬಾ ಅವರ ಮುಖ ಅರಳಿತು. ನಾವು ಯಾಕೆ ಸದ್ದು ಮಾಡುವುದಿಲ್ಲವೆಂದು ಯಾರೂ ಕೇಳಲಿಲ್ಲ.

ಇಮ್ರಾನನಿಗೆ ಆಗ ನಾಲ್ಕು ವರ್ಷ, ಅವನ ಆಪಾ, ಅಂದರೆ ಅಕ್ಕ, ನನಗೆ ಒಂಬತ್ತು. ಒಂದು ಸಂಜೆ ಅಬ್ಬಾ ಹಣೆಯನ್ನು ನೆಲಕ್ಕೂರಿ ಸಜ್ದಾದಲ್ಲಿದ್ದಾಗ ಅವನು ಓಡಿಬಂದು ಅವರ ಬೆನ್ನೇರಿ ಕೂತು, ಕುದುರೆಯೆಂದು ಕೇಕೆ ಹಾಕಿದ. ನಾನು ನಕ್ಕೆ. ಅಬ್ಬಾ ನಮಾಜು ಮುಗಿಸಿದರು, ಚಾಪೆ ಮಡಿಸಿಟ್ಟರು, ಆಮೇಲೆ ಹೊಡೆದರು. ಹೊಸ್ತಿಲಿಗೆ ಬಡಿದು ಮಗುವಿನ ತುಟಿ ಒಡೆಯಿತು, ಚಡ್ಡಿ ಒದ್ದೆಯಾಯಿತು. ಅಮ್ಮಿ ನೆಲ ಒರೆಸಿದರು. ಅವತ್ತಿನಿಂದ ಅವನು ಅಬ್ಬಾ ಅವರನ್ನು ತಾನಾಗಿ ಮುಟ್ಟಲಿಲ್ಲ.

ಕೆಲವು ತಿಂಗಳ ನಂತರ ಮದರಸಾದಲ್ಲಿ ಪಾಠ ಹೇಳುವ ಹಜ್ರತ್ ಒಂದು ಸಂಗತಿ ಹೇಳಿದರು: ಪ್ರವಾದಿಗಳು ಸಜ್ದಾದಲ್ಲಿದ್ದಾಗ ಮೊಮ್ಮಗ ಬೆನ್ನೇರಿದರೆ, ಅವನು ತಾನಾಗಿ ಇಳಿಯುವವರೆಗೂ ಅವರು ತಲೆ ಎತ್ತುತ್ತಿರಲಿಲ್ಲವಂತೆ. ನಾನು ಓಡಿಬಂದು ಅದನ್ನು ಅಂಗಡಿಯಲ್ಲಿ ಹೇಳಿದೆ. ಅಬ್ಬಾ ಅವರ ಕೈ ನಿಂತಿತು. "ಯಾರು ಹೇಳಿದ್ದು?" ಎಂದರು. "ಹಜ್ರತ್, ಅಬ್ಬಾ." ಅವರು ಮತ್ತೆ ಉಜ್ಜುಗೊರಡು ತಳ್ಳತೊಡಗಿದರು. ಮರುದಿನದಿಂದ ಅವರ ಸಜ್ದಾ ಉದ್ದವಾಯಿತು. ಅಷ್ಟು ಹೊತ್ತು ಯಾರಿಗಾಗಿ ಕಾಯುತ್ತಿದ್ದಾರೆಂದು ನನಗೆ ತಿಳಿಯಿತು. "ಹೋಗೋ" ಎಂದು ತಮ್ಮನನ್ನು ತಳ್ಳಿದೆ. ಅವನು ಗೋಡೆಗೆ ಅಂಟಿಕೊಂಡು, "ಬ್ಯಾಡ ಆಪಾ" ಅಂದ. ಹತ್ತು ದಿನವೋ ಹದಿನೈದು ದಿನವೋ ಕಾದರು. ಆಮೇಲೆ ಸಜ್ದಾ ಮೊದಲಿನಷ್ಟೇ ಆಯಿತು. ಒಂದು ಸಲ ಹತ್ತಿರ ಕರೆದಿದ್ದರೆ ಸಾಕಿತ್ತು. ಮಗುವನ್ನು ಕರೆಯುವುದು ಅವರಿಗೆ ಗೊತ್ತಿರಲಿಲ್ಲ. ಚಿಕ್ಕಂದಿನಲ್ಲಿ ಅವರನ್ನೂ ಯಾರೂ ಕರೆದಿರಲಿಲ್ಲವೇನೋ.

ಹೋದ ವರ್ಷ ಅಬ್ಬಾ ತೀರಿಕೊಂಡರು. ಪಿರಿಯಾಪಟ್ಟಣದಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುವ ಇಮ್ರಾನ್ ಬಂದು ಹೆಗಲು ಕೊಟ್ಟ, ಮೂರು ಹಿಡಿ ಮಣ್ಣು ಹಾಕಿದ. ಮನೆಗೆ ಬಂದವನನ್ನು ಹಿತ್ತಲಲ್ಲಿ ಕೇಳಿದೆ: "ದುವಾ ಮಾಡ್ದಾ?"

ತಂದೆತಾಯಿಗಾಗಿ ಮಕ್ಕಳು ಮಾಡುವ ದುವಾ ನಮ್ಮಲ್ಲಿ ಎಲ್ಲರಿಗೂ ಬಾಯಿಪಾಠ. ಚಿಕ್ಕಂದಿನಲ್ಲಿ ಅವರು ನಮ್ಮನ್ನು ಸಾಕಿದಂತೆಯೇ, ಅಲ್ಲಾಹನೇ, ನೀನು ಅವರಿಗೆ ಕರುಣೆ ತೋರು ಎಂದು.

"ಶುರು ಮಾಡ್ದೆ ಆಪಾ" ಅಂದ ಅವನು. "ನಮ್ಮನ್ನ ಸಾಕ್ದಂಗೇ ಅನ್ನೋ ಮಾತು ಬತ್ತಲ್ಲ, ಅಲ್ಲೇ ನಿಂತೋಯ್ತು. ಅಂಗೇ ಮಾಡು ಅಂತ ಅಲ್ಲಾನ್ನ ಎಂಗ್ ಕೇಳ್ಲಿ?"

ನಾನು ಅವನ ಕೈಗೆ ನೀರು ಹುಯ್ದೆ. ಆ ದುವಾ ನನ್ನಿಂದಲೂ ಇನ್ನೂ ಪೂರ್ತಿಯಾಗಿಲ್ಲ.