ಗೇಟಿನವರೆಗೆ ಕಾಣುವ ಲೆನ್ಸು

"ಹಕ್ಕಿಗಾ ಮೇಡಂ, ಮದುವೆಗಾ?" ಅಂತ ಮೈಸೂರಿನ ಅಂಗಡಿಯವರು ಕೇಳಿದರು. ದೂರದ್ದನ್ನು ಹತ್ತಿರ ತೋರಿಸುವ ಜೂಮ್ ಲೆನ್ಸು ಬೇಕು ಅಂತ ನಾನು ಆಗಷ್ಟೇ ಹೇಳಿದ್ದೆ. ಅಂಥದ್ದನ್ನು ಕೊಳ್ಳುವವರಲ್ಲಿ ಎರಡೇ ಬಗೆ ಅಂತ ಅವರು ಮೊದಲೇ ತೀರ್ಮಾನ ಮಾಡಿಕೊಂಡಿದ್ದರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ.

"ಗಂಡನಿಗೆ" ಅಂದೆ.

ಅವರು ನನ್ನ ಹಿಂದೆ ಕೊಡೆ ಹಿಡಿದು ನಿಂತಿದ್ದ ನನ್ನ ಗಂಡನನ್ನು ನೋಡಿದರು. "ಓ, ಸರ್ ಫೋಟೋಗ್ರಾಫರಾ?"

"ಅಲ್ಲ ಕಣ್ರೀ. ಫೋಟೋ ತೆಗೆಯೋಳು ನಾನು. ಅವರು ನಡ್ಕೊಂಡು ಹೋಗ್ತಾರೆ, ನಾನು ನೋಡ್ಬೇಕು."

ಅಂಗಡಿಯವರು ಎರಡು ಲೆನ್ಸು ತಂದು ಮೇಜಿನ ಮೇಲಿಟ್ಟರು.

ಅವರಿಗೆ ಹೇಳದೇ ಬಿಟ್ಟದ್ದು ಇಷ್ಟು. ನಾವಿರುವುದು ಕೊಡಗಿನ ಅಮ್ಮತ್ತಿಯಿಂದ ಒಳಗೆ, ಒಂದು ಕಾಫಿ ಎಸ್ಟೇಟಿನಲ್ಲಿ. ನನ್ನ ಗಂಡ ಅಲ್ಲಿ ರೈಟರು. ಬೆಳಿಗ್ಗೆ ಕೆಲಸದವರ ಹಾಜರಿ ತೆಗೆದು, ಯಾರು ಯಾವ ಕಡೆ ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗಿಗೆ ಹೋಗಬೇಕು ಅಂತ ಹೇಳುವವರು. ನಮ್ಮ ಕ್ವಾರ್ಟರ್ಸ್ ದಿಬ್ಬದ ಮೇಲಿದೆ, ಆಫೀಸು ಕೆಳಗೆ ಗೇಟಿನ ಹತ್ತಿರ. ನಡುವೆ ಒಂದು ಮಣ್ಣು ರಸ್ತೆ. ಆ ರಸ್ತೆಯನ್ನು ಆನೆಗಳೂ ಬಳಸುತ್ತವೆ. ಇದೇನು ದೊಡ್ಡ ಸುದ್ದಿಯಲ್ಲ, ಸುತ್ತಮುತ್ತ ಎಲ್ಲರೂ ಹಾಗೇ ಬದುಕುವುದು. ಬೆಳಿಗ್ಗೆ ಎದ್ದವರು ಮೊದಲು ವಾಟ್ಸಾಪ್ ಗುಂಪಿನಲ್ಲಿ ಆನೆ ಯಾವ ಎಸ್ಟೇಟಿನಲ್ಲಿದೆ ಅಂತ ನೋಡುತ್ತೇವೆ, ಆಮೇಲೆ ಕಾಫಿ ಕುಡಿಯುತ್ತೇವೆ. ಮೆಸೇಜಿನಲ್ಲಿ ಬಾರದ ಆನೆಗೆ ಕಿವಿಯೇ ಗತಿ. ಆನೆಗಳು ತಿನ್ನಲು ಬೈನೆ ಮರ ಮುರಿಯುವ ಸದ್ದು, ಒಣಗಿದ ಎಲೆ ತುಳಿಯುವ ಸದ್ದು. ನನ್ನ ಗಂಡನಿಗೆ ಆ ಕಿವಿಯೇ ಕೈಕೊಟ್ಟಿತು. ಒಂದು ಕೆಟ್ಟ ಜ್ವರ ಬಂದು ಹೋದ ಮೇಲೆ ಬಲಗಿವಿ ಪೂರ್ತಿ ಹೋಯಿತು, ಎಡಗಿವಿ ಅರ್ಧ. ಸ್ಕೂಟರಿನ ಗದ್ದಲದಲ್ಲಿ ಆ ಅರ್ಧವೂ ಕೇಳುವುದಿಲ್ಲ ಅಂತ ಅವರು ನಡೆದೇ ಹೋಗಲು ಶುರುಮಾಡಿದರು.

ಅವತ್ತಿನಿಂದ ನನಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ನಾನು ಮನೆಯಲ್ಲೇ ಹೊಲಿಗೆ ಮಾಡುವವಳು, ರವಿಕೆ ಹೊಲಿಯುತ್ತೇನೆ. ಅವರು ಮೆಟ್ಟಿಲಿಳಿದ ಕೂಡಲೇ ಹೊಲಿಗೆ ಯಂತ್ರದ ಮುಂದೆ ಕೂರುತ್ತಿದ್ದೆ, ಒಂದು ಹೊಲಿಗೆ ಹಾಕಿ ಏಳುತ್ತಿದ್ದೆ, ಬಾಗಿಲಿಗೆ ಹೋಗುತ್ತಿದ್ದೆ, ಮತ್ತೆ ಬಂದು ಕೂರುತ್ತಿದ್ದೆ. ಹಾಗೆ ಒಬ್ಬರ ರವಿಕೆಗೆ ಎರಡೂ ಎಡಗೈ ತೋಳನ್ನೇ ಕತ್ತರಿಸಿಬಿಟ್ಟಿದ್ದೆ. ನನ್ನ ತವರಿನವರು ಹಾಸನ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಬೇಸಾಯ ಮಾಡುವವರು. ಅಲ್ಲಿ ಬಯಲು, ಗದ್ದೆಗೆ ಹೋದವರು ಗದ್ದೆಯಲ್ಲೇ ಕಾಣುತ್ತಾರೆ. ಇಲ್ಲಿ ಮನುಷ್ಯ ಹತ್ತು ಹೆಜ್ಜೆ ಇಟ್ಟರೆ ಕಾಫಿ ಗಿಡ ಅವನನ್ನು ನುಂಗಿಬಿಡುತ್ತದೆ. ನನಗೆ ಅದು ಇವತ್ತಿಗೂ ಒಗ್ಗಿಲ್ಲ.

ಫೋನ್ ಮಾಡಿ ವಿಚಾರಿಸುವ ಹಾಗೂ ಇಲ್ಲ. ಆನೆ ಓಡಾಡುವ ರಸ್ತೆಯಲ್ಲಿ ನಡೆಯುತ್ತಿರುವವರಿಗೆ ಫೋನ್ ಮಾಡಬಾರದು ಅನ್ನುವುದು ಇಲ್ಲಿ ಮಕ್ಕಳಿಗೂ ಗೊತ್ತು. ಕಿವಿ ಮಂದ ಅಂತ ಅವರ ಫೋನು ಊರಿಗೆಲ್ಲ ಕೇಳುವ ಹಾಗೆ ಬಡಿದುಕೊಳ್ಳುತ್ತದೆ, ಅದನ್ನು ಕಡಿಮೆ ಮಾಡುವುದು ಅವರಿಗೆ ಯಾವತ್ತೂ ನೆನಪಾಗುವುದಿಲ್ಲ. ಹಾಗಾಗಿ ನಮ್ಮ ನಡುವೆ ಒಂದು ಸನ್ನೆ ಇತ್ತು. ಗೇಟು ತಲುಪಿದ ಮೇಲೆ ಅವರು ಕೊಡೆಯನ್ನು ಒಂದು ಸಲ ಬಿಚ್ಚಿ ಮುಚ್ಚುತ್ತಾರೆ. ಆದರೆ ಅಷ್ಟು ದೂರದಿಂದ ಬರಿಗಣ್ಣಿಗೆ ಕೊಡೆ ಯಾವುದು, ಗೇಟಿನ ಮೇಲೆ ಕೂತ ಕಾಗೆ ಯಾವುದು ಅಂತ ತಿಳಿಯುತ್ತಿರಲಿಲ್ಲ. ಕ್ಯಾಮೆರಾ ಒಂದಿತ್ತು. ರವಿಕೆಯ ಬೆನ್ನಿನ ಕಸೂತಿಯ ಫೋಟೋ ತೆಗೆದು ಗಿರಾಕಿಗಳಿಗೆ ಕಳಿಸಲು ಅಂತ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡದ್ದು. ಅದರ ಲೆನ್ಸು ಗೇಟಿನ ಮಟ್ಟಿಗೆ ಕುರುಡು.

ಮೈಸೂರಿನ ಅಂಗಡಿಯ ಮೇಜಿನ ಮೇಲಿದ್ದ ಎರಡರಲ್ಲಿ ಒಂದು ಒನಕೆಯಷ್ಟು ದಪ್ಪ. ದೂರದ ಹಕ್ಕಿಯ ಕಣ್ಣಿನ ಬಣ್ಣ ಕೂಡ ಕಾಣುತ್ತದೆ ಅಂದರು. ಹಕ್ಕಿಯ ಕಣ್ಣು ನನಗೆ ಯಾಕೆ? "ರೀ, ಈ ರಸ್ತೆಯಲ್ಲಿ ಹಿಂತಿರುಗಿ ನೋಡದೆ ನಡೀರಿ, ನಾನು ಕೈಬೀಸೋ ತನಕ" ಅಂತ ಗಂಡನನ್ನು ಹೊರಗೆ ಕಳಿಸಿದೆ. ಹಿಂತಿರುಗಿ ನೋಡದೆ ಹೋಗುವವರಿಗೆ ಕೈಬೀಸಿದ್ದು ಹೇಗೆ ಕಾಣಬೇಕು ಅಂತ ನನಗೂ ಹೊಳೆಯಲಿಲ್ಲ, ಅವರಿಗೂ ಹೊಳೆಯಲಿಲ್ಲ. ಅವರು ನಡೆದೇ ನಡೆದರು. ನಾನು ಅಂಗಡಿಯ ಬಾಗಿಲಲ್ಲಿ ನಿಂತು, ನನ್ನ ಕ್ಯಾಮೆರಾಕ್ಕೆ ಸಿಕ್ಕಿಸಿದ ಆ ಒನಕೆಯನ್ನು ಎತ್ತಿ ಹಿಡಿದೆ. ಮುಖಕ್ಕೆ ಬಂದು ಬಡಿಯುವಷ್ಟು ಹತ್ತಿರ ಕಂಡರು. ಆದರೆ ಸ್ವಲ್ಪ ಹೊತ್ತಿಗೆಲ್ಲ ನನ್ನ ಕೈ ನಡುಗಿ, ಅವರೂ ರಸ್ತೆಯೂ ಸೇರಿ ಕುಣಿಯತೊಡಗಿದವು. ಎರಡನೆಯದು ಗಿಡ್ಡ, ಹಗುರ. ಎಪ್ಪತ್ತರಿಂದ ಮುನ್ನೂರು ಮಿಲಿಮೀಟರಿನವರೆಗೆ ಜೂಮ್ ಆಗುವುದು, ಕೈಯ ನಡುಕವನ್ನು ತಡೆಯುವ ಒಂದು ಸ್ವಿಚ್ಚೂ ಅದಕ್ಕಿತ್ತು. ಅದರಲ್ಲಿ ಅವರ ಮುಖ ಅಷ್ಟು ಸ್ಪಷ್ಟ ಇರಲಿಲ್ಲ, ನಡಿಗೆ ಮಾತ್ರ ಅವರದೇ ಅಂತ ಗೊತ್ತಾಗುತ್ತಿತ್ತು. ಅಷ್ಟು ಸಾಕು. ದಿನಾ ಎತ್ತಬೇಕಾದ್ದನ್ನು ದಿನಾ ಎತ್ತುವಂತಿರಬೇಕು. ಲೆನ್ಸು ಕಟ್ಟಿಸಿಕೊಂಡು ಗಂಡನನ್ನು ಹುಡುಕಲು ಹೊರಟರೆ ಅವರು ಎರಡು ವೃತ್ತ ದಾಟಿ, ಒಂದು ಕಬ್ಬಿನಹಾಲಿನ ಗಾಡಿಯ ಹತ್ತಿರ ನನಗಾಗಿ ಕಾಯುತ್ತಾ ನಿಂತಿದ್ದರು.

ಆ ಲೆನ್ಸು ಬಂದ ಮೇಲೆ ರವಿಕೆಯ ಫೋಟೋ ತೆಗೆಯುವುದೇ ತಾಪತ್ರಯವಾಯಿತು. ಹಳೆಯ ಲೆನ್ಸನ್ನು ಅಂಗಡಿಗೇ ಕೊಟ್ಟು ಬಂದಿದ್ದೆ, ಹತ್ತಿರದ್ದು ಇದಕ್ಕೆ ಕಾಣುವುದೇ ಇಲ್ಲ. ರವಿಕೆಯನ್ನು ಗೋಡೆಗೆ ನೇತುಹಾಕಿ, ನಾನು ಅಡುಗೆಮನೆ ದಾಟಿ ಹಿಂಬಾಗಿಲಿಗೆ ಹೋಗಿ ನಿಂತು ತೆಗೆಯಬೇಕು. ಮಳೆಗಾಲದಲ್ಲಿ ಗಾಜಿಗೆ ಬೂಷ್ಟು ಹಿಡಿಯುತ್ತದೆ ಅಂತ ಮುಚ್ಚಳವಿರುವ ಸ್ಟೀಲ್ ಡಬ್ಬಿಯಲ್ಲಿ ಮಲಗಿಸಿ, ಹೊಸ ಚಪ್ಪಲಿಯ ಡಬ್ಬಿಗಳಲ್ಲಿ ಸಿಗುವ ತೇವ ಹೀರುವ ಪೊಟ್ಟಣಗಳನ್ನು ಬೇಡಿ ತಂದು ಅದರ ಸುತ್ತ ಜೋಡಿಸುತ್ತಿದ್ದೆ. ಹೊರಗೆ ಹೋಗುವಾಗ ಅದನ್ನು ಕ್ಯಾಮೆರಾ ಸಮೇತ, ಪಿಕ್ಕಿಂಗಿನವರು ಸೊಂಟಕ್ಕೆ ಕಟ್ಟಿಕೊಳ್ಳುವಂಥ ಚೀಲದಲ್ಲಿ ಹಾಕಿಕೊಳ್ಳುತ್ತಿದ್ದೆ. ಅಮ್ಮತ್ತಿ ಸಂತೆಗೂ ಅದು ಬರುತ್ತಿತ್ತು, ಬಿಟ್ಟಂಗಾಲದ ಮದುವೆಮನೆಗೂ ಬಂತು. ಬಸ್ಸಿನಲ್ಲಿ ಕಂಡಕ್ಟರು "ಯಾವ ಚಾನೆಲ್ಲು ಅಕ್ಕಾ?" ಅಂತ ಕೇಳಿದ್ದರು. ಮನೆಯಲ್ಲಿಟ್ಟು ಬಂದರೆ ಏನೋ ಕಳಕೊಂಡ ಹಾಗೆ ಆಗುತ್ತಿತ್ತು. ಸಂತೆಯ ಆಚೆ ತುದಿಯಲ್ಲಿ ಮೀನು ಕೊಳ್ಳುತ್ತಿದ್ದ ಗಂಡನನ್ನೂ ಅದರಲ್ಲಿ ನೋಡಿದ್ದೇನೆ. ಮತ್ತಿಯೋ ಬಂಗುಡೆಯೋ ಅಂತ ತೀರ್ಮಾನವಾಗದೆ ಅವರು ತಲೆ ಕೆರೆದುಕೊಳ್ಳುತ್ತಿದ್ದರು.

ಬೆಳಗಿನ ಕೆಲಸ ಮಾತ್ರ ತಪ್ಪುತ್ತಿರಲಿಲ್ಲ. ನಮ್ಮ ಮೆಟ್ಟಿಲಿನಿಂದ ರಸ್ತೆ ಮೂರು ಕಡೆ ಕಾಣುತ್ತದೆ. ಮೊದಲು ಹಲಸಿನ ಮರದ ತಿರುವು, ಆಮೇಲೆ ಕೆರೆ ಏರಿ, ಕೊನೆಗೆ ಗೇಟು. ಏರಿ ಮುಗಿದ ಮೇಲೆ ಗೇಟಿನವರೆಗೆ, ಕಾಫಿಗೆ ನೆರಳಿಗೆ ಅಂತ ಬೆಳೆಸಿದ ಸಿಲ್ವರ್ ಮರಗಳ ಮರೆ. ಮೂರೂ ಕಡೆ ಒಂದೊಂದು ಫೋಟೋ ತೆಗೆಯುತ್ತಿದ್ದೆ. ಮರೆಯಲ್ಲಿ ಅವರು ಯಾವತ್ತೂ ಲೆಕ್ಕಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಿದ್ದರು, ನಾನು ಲೆನ್ಸು ಇಳಿಸದೆ ಗೇಟನ್ನೇ ನೋಡುತ್ತಿದ್ದೆ. ಕೇಳಿದರೆ "ಅಲ್ಲಿ ಗಿಡ ನೋಡ್ಲಿಕ್ಕೆ ಉಂಟು" ಅನ್ನುತ್ತಿದ್ದರು. ಕೊಡೆ ಬಿಚ್ಚಿ ಮುಚ್ಚಿದ ಮೇಲೆಯೇ ನಾನು ಯಂತ್ರದ ಮುಂದೆ ಕೂರುವುದು. ಒಂದು ವಿಷಯ ಮಾತ್ರ ಖುಷಿ ಕೊಡುತ್ತಿತ್ತು. ಮನೆಯಲ್ಲಿ ಮಂಡಿ ಹಿಡಿದು "ಅಮ್ಮಾ" ಅಂತ ಏಳುವ ಮನುಷ್ಯ ಫೋಟೋದಲ್ಲಿ ಬೆನ್ನು ನೆಟ್ಟಗೆ ಮಾಡಿ, ಕೈಬೀಸಿಕೊಂಡು, ಪೆರೇಡಿಗೆ ಹೊರಟವರ ಹಾಗೆ ಹೋಗುತ್ತಿದ್ದರು. ನಡೆದದ್ದು ಮಂಡಿಗೆ ಒಳ್ಳೆಯದೇ ಆಯಿತು ಅಂತ ನಾನು ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದೆ.

ಪಿಕ್ಕಿಂಗ್ ಜೋರಾಗಿದ್ದ ಒಂದು ಬೆಳಿಗ್ಗೆ, ಆನೆಗಳು ಪಕ್ಕದ ಎಸ್ಟೇಟು ದಾಟಿ ಹೋದವು ಅಂತ ಮೆಸೇಜು ಬಂತು. ಅವರು ನಿಶ್ಚಿಂತೆಯಾಗಿ ಹೊರಟರು. ಹಲಸಿನ ತಿರುವಿನ ಫೋಟೋ ಆಯಿತು. ಕೆರೆಯ ಮೇಲೆ ದಟ್ಟ ಮಂಜು ಕೂತಿತ್ತು, ನೀರು ಕಾಣುತ್ತಿರಲಿಲ್ಲ. ಅವರು ಏರಿಗೆ ಬಂದದ್ದನ್ನು ನೋಡಿ ಲೆನ್ಸು ತಿರುಗಿಸಿ ಪೂರ್ತಿ ಹತ್ತಿರ ಎಳೆದೆ. ಅವರ ಬಿಳಿ ಟೊಪ್ಪಿಯ ಹಿಂದೆಯೇ, ಮಂಜಿನ ಒಳಗಿನಿಂದ, ಮಣ್ಣು ಮೆತ್ತಿಕೊಂಡ ಒಂದು ಹಣೆ, ಎರಡು ದಂತ. ಸೊಂಡಿಲು ಟೊಪ್ಪಿಯನ್ನು ಮುಟ್ಟುವಷ್ಟು ಹತ್ತಿರ ಇತ್ತು.

ಕೂಗಿದರೆ ಅವರಿಗೆ ಕೇಳುವುದಿಲ್ಲ, ಆನೆಗೆ ಕೇಳುತ್ತದೆ. ಫೋನ್ ಮಾಡಿದರೆ ಅವರ ಜೇಬಿನಿಂದಲೇ ಆನೆಯನ್ನು ಕರೆದ ಹಾಗೆ. ಲೆನ್ಸು ಇಳಿಸಿದರೆ ಅವರು ಒಂದು ಚುಕ್ಕೆ, ಎತ್ತಿದರೆ ಆನೆ. ಇಳಿಸಿದೆ, ಎತ್ತಿದೆ, ಮತ್ತೆ ಇಳಿಸಿದೆ. ಕೈಗೆ ಇಷ್ಟು ಹತ್ತಿರ ತಂದುಕೊಟ್ಟು, ಏನೂ ಮಾಡಲು ಬಿಡದ ಆ ಗಾಜನ್ನು ಅಂಗಳಕ್ಕೆ ಎಸೆಯಬೇಕು ಅನ್ನಿಸಿತು. ಬೆರಳು ಮಾತ್ರ ತಾನಾಗಿಯೇ ಫೋಟೋ ಒತ್ತುತ್ತಿತ್ತು. ಅವರು ತಿರುಗಿ ನೋಡಲಿಲ್ಲ, ಹೆಜ್ಜೆಯನ್ನೂ ಜೋರು ಮಾಡಲಿಲ್ಲ. ಬೆನ್ನು ನೆಟ್ಟಗಿಟ್ಟುಕೊಂಡು ಏರಿ ಮುಗಿಸಿ ಮರೆಗೆ ಹೋದರು. ಕಿವುಡ, ಕಿವುಡ, ಅಂತ ನಾನು ಅಳುತ್ತಾ ಬೈಯುತ್ತಿದ್ದೆ. ಎಷ್ಟು ಹೊತ್ತಾಯಿತೋ. ಗೇಟಿನ ಹತ್ತಿರ ಕೊಡೆ ಬಿಚ್ಚಿ ಮುಚ್ಚಿದಾಗ ನಾನು ಮೆಟ್ಟಿಲ ಮೇಲೆಯೇ ಕೂತುಬಿಟ್ಟೆ.

ಆಫೀಸಿಗೆ ಫೋನ್ ಮಾಡಿ ಬಾಯಿಗೆ ಬಂದದ್ದೆಲ್ಲ ಅಂದೆ. "ಜನ ಬಂದಿದ್ದಾರೆ, ಸಾಯಂಕಾಲ ಮಾತಾಡುವ" ಅಂತ ಇಟ್ಟರು. ಅವತ್ತು ನಾನು ಒಂದು ನೂಲನ್ನೂ ಪೋಣಿಸಲಿಲ್ಲ.

ಸಾಯಂಕಾಲ ಅವರಿಗೆ ಕೈ ತೊಳೆಯಲೂ ಬಿಡದೆ ಕ್ಯಾಮೆರಾ ಮುಂದೆ ಹಿಡಿದೆ. ಅವರು ಕನ್ನಡಕ ಹಾಕಿ ನಿಧಾನಕ್ಕೆ ನೋಡಿದರು.

"ಇದು ಆಚೆ ದಡದಲ್ಲಿದ್ದದ್ದು ಮಾರಾಯ್ತಿ. ನಡುವೆ ಇಡೀ ಕೆರೆ ಉಂಟು. ನಿನ್ನ ಲೆನ್ಸು ಅದನ್ನು ತಂದು ನನ್ನ ಹೆಗಲ ಮೇಲೆ ಕೂರಿಸಿದೆ."

ನಾನು ಆ ಫೋಟೋವನ್ನು ಮತ್ತೊಮ್ಮೆ ನೋಡಿದೆ. "ಅಂದ್ರೆ ನೀವು ನೋಡಿದ್ರಾ?"

"ನೋಡದೆ? ಏರಿಗೆ ಬರುವ ಮೊದಲೇ ವಾಸನೆ ಬಂತು. ಕಿವಿ ಹೋಗಿದೆ, ಮೂಗು ಹೋಗ್ಲಿಲ್ಲ."

"ಮತ್ತೆ ಯಾಕ್ರೀ ವಾಪಸ್ ಬರಲಿಲ್ಲ? ಒಂದು ಸಲ ತಿರುಗಿ ನೋಡೋದಕ್ಕೆ ಏನಾಗಿತ್ತು?"

"ತಿರುಗಿದ್ರೆ ನೀನು ಅಲ್ಲಿಂದಲೇ ಕಿರುಚ್ತಿದ್ದೆ. ಇಲ್ಲ, ಓಡಿಯೇ ಬರ್ತಿದ್ದೆ. ಆಗ ಇಬ್ಬರಿಗೂ ಕಷ್ಟ. ಅದು ಅದರಷ್ಟಕ್ಕೆ ನಿಂತಿತ್ತು, ನಾನು ನನ್ನಷ್ಟಕ್ಕೆ ನಡೆದೆ. ಅದೂ ಈ ಮಂಡಿಯಲ್ಲಿ ಓಡೋದು ಬೇರೆ!"

"ಮಂಡಿಗೇನಾಗಿದೆ? ಬೆಳಿಗ್ಗೆ ಸರಿಯಾಗೇ ಇರುತ್ತಲ್ಲ, ಎಲ್ಲಾ ಫೋಟೋದಲ್ಲೂ ಐತೆ."

ಅವರು ಕ್ಯಾಮೆರಾ ನನ್ನ ಕೈಗೆ ಕೊಟ್ಟು ಕನ್ನಡಕ ತೆಗೆದರು. "ನಿನಗೆ ಕಾಣುವಷ್ಟು ದೂರ ಸರಿ ಇರ್ತದೆ" ಅಂದು ಕೈ ತೊಳೆಯಲು ಹೋದರು.

ಅವರು ಊಟಕ್ಕೆ ಬಂದು ಕೂರುವವರೆಗೂ ನಾನು ಹಳೆಯ ಫೋಟೋಗಳನ್ನು ಹಿಂದಕ್ಕೆ ಹಿಂದಕ್ಕೆ ತಿರುಗಿಸುತ್ತಾ ಇದ್ದೆ. ಎಲ್ಲದರಲ್ಲೂ ಅದೇ ನೆಟ್ಟಗಿನ ಬೆನ್ನು, ಅದೇ ಬೀಸುವ ಕೈ. ದಿನಾ ಕಾಯುವವಳು ನಾನು ಅಂತ ತಿಳಿದಿದ್ದೆ, ನನ್ನನ್ನು ಕಾಯುತ್ತಿದ್ದವರು ಅವರು. ಸಿಟ್ಟು ಬಂತು, ನಾಚಿಕೆಯೂ ಆಯಿತು. ಅವರ ತಟ್ಟೆಗೆ ಎರಡು ಸಲ ಸಾರು ಹಾಕಿದೆ, ಅವರು ಬೇಡ ಅನ್ನಲಿಲ್ಲ.

ಮರುದಿನ ಅವರು ಚಪ್ಪಲಿ ಮೆಟ್ಟುವಾಗ ನಾನೂ ಮೆಟ್ಟಿದೆ. "ಎಲ್ಲಿಗೆ?" ಅಂದರು. "ಸುಮ್ನೆ" ಅಂದೆ. ಲೆನ್ಸು ಸೊಂಟದ ಚೀಲದಲ್ಲಿತ್ತು. ಹಲಸಿನ ತಿರುವು, ಕೆರೆ ಏರಿ ದಾಟುವವರೆಗೂ ಅವರು ನೆಟ್ಟಗೇ ನಡೆದರು, ಅಭ್ಯಾಸ ಇರಬೇಕು. ಸಿಲ್ವರ್ ಮರಗಳ ಮರೆಗೆ ಬಂದ ಕೂಡಲೇ ಹೆಜ್ಜೆ ಚಿಕ್ಕದಾಯಿತು. ಕೈ ಮಂಡಿಗೆ ಹೋಯಿತು. ರಸ್ತೆಯ ಅಂಚಿನಲ್ಲಿ ಒಂದು ಚಪ್ಪಟೆ ಕಲ್ಲಿತ್ತು. ಅದರ ಮುಂದೆ ಹುಲ್ಲು ಎದ್ದು ಹೋಗಿ, ಎರಡು ಕಾಲು ಇಡುವಷ್ಟು ನೆಲ ನುಣ್ಣಗಾಗಿತ್ತು. ಕೊಡೆಯ ತುದಿ ಊರಿ ಊರಿ ಪಕ್ಕದಲ್ಲೊಂದು ಗುಳಿಯೂ ಬಿದ್ದಿತ್ತು. ಅವರು ನನ್ನ ಮುಖ ನೋಡದೆ ಅಲ್ಲಿ ಕೂತು ಕಾಲು ಚಾಚಿದರು.

ನಾನು ಕ್ಯಾಮೆರಾ ತೆಗೆದು ಎತ್ತಿದೆ. ಲೆನ್ಸು ಸರ್ ಸರ್ ಅಂತ ಹಿಂದೆ ಮುಂದೆ ಹುಡುಕಿತು, ಅವರು ಕಾಣಲಿಲ್ಲ. ಒಂದು ಬಿಳಿ ಮಸುಕು ಅಷ್ಟೇ.

"ಸ್ವಲ್ಪ ಹಿಂದೆ ಹೋಗು, ಆಗ ಬರ್ತದೆ" ಅಂದರು.

ನಾನು ಹೋಗಲಿಲ್ಲ. ಕ್ಯಾಮೆರಾವನ್ನು ಚೀಲಕ್ಕೆ ಹಾಕಿ, ಅವರ ಕೇಳುವ ಕಿವಿಯ ಕಡೆ ಹೋಗಿ ಕೂತೆ. ಕಲ್ಲು ಒಬ್ಬರಿಗೆ ಆಗುವಷ್ಟೇ ಇತ್ತು. ಅವರು ಸರಿದು ಜಾಗ ಮಾಡಿದರು.